ಟೊರಿನೊ ಕ್ಲಬ್ಬಿನ ಫಿಲಡೆಲ್ಫಿಯಾ ಮೈದಾನ ಹಾಳುಬಿದ್ದದ್ದು ಯಾರಿಂದ?

ಸಂಜೆಮಳೆ:
ಇಟಲಿ ಫುಟ್‌ಬಾಲ್ ಬಲ್ಲವರು ಇಲ್ಲಿ ಜಾಸ್ತಿ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಟುರಿನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಯುವೆಂಟಸ್. ಅದೇ ಊರಿನ ಇನ್ನೊಂದು ಕ್ಲಬ್ ಟೊರಿನೊ. 1940ರ ದಶಕದಲ್ಲಿ ಒಂದರ ಹಿಂದೆ ಒಂದು ಐದು ಲೀಗ್ ಪಟ್ಟ ಗೆದ್ದ ತಂಡ. ಅಷ್ಟೂ ಗೆದ್ದದ್ದು ಫಿಲಡೆಲ್ಫಿಯಾ ಅನ್ನುವ ಮೈದಾನವನ್ನು ಮನೆ ಮಾಡಿಕೊಂಡು. 1943ರಿಂದ 1949ರವರೆಗೆ ಅಲ್ಲಿ ಅವರನ್ನು ಲೀಗ್‌ನಲ್ಲಿ ಯಾರಿಗೂ ಸೋಲಿಸಲು ಆಗಲಿಲ್ಲವಂತೆ.

ಅಂಥ ಮೈದಾನದ 2000ದ ಆಸುಪಾಸಿನ ಫೋಟೋ ನೋಡಿದೆ. ಗ್ಯಾಲರಿ ಒಡೆದು ಅಲ್ಲೊಂದು ಇಲ್ಲೊಂದು ಕಾಂಕ್ರೀಟ್ ತುಂಡು ನಿಂತಿದೆ. ಆಡುವ ಜಾಗದ ತುಂಬ ಕಳೆ. ಸಂಕಟ ಆಯಿತು. 1949ರ ವಿಮಾನ ಅಪಘಾತದಿಂದಲೇ ಎಲ್ಲ ಹಾಳಾಯಿತಾ? ಅಥವಾ ಬೇರೆ ಕಾರಣ ಇದೆಯಾ? ಈಗ ಅವರು ಅಲ್ಲಿ ಯಾಕೆ ಆಡುವುದಿಲ್ಲ?

ಮಂಗ್ಳೂರ್ ವಿಂಗರ್:
ಅಪಘಾತದಲ್ಲಿ ಇಡೀ ತಂಡ ಹೋಯಿತು. ಅಲ್ಲಿಗೆ ಕ್ಲಬ್ಬೂ ಮುಗಿಯಿತು, ಮೈದಾನವೂ ಮುಗಿಯಿತು. ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ?

ಹಳೇ ಸ್ಕೋರರ್:
ಚರ್ಚೆ ಮಾಡುವುದಕ್ಕೆ ಬೇಕಾದಷ್ಟಿದೆ ಮಾರಾಯ್ರೆ. ಅಪಘಾತ ಆದ ಮೇಲೂ 14 ವರ್ಷ ಟೊರಿನೊ ಅದೇ ಮೈದಾನದಲ್ಲಿ ಆಡಿದೆ. ನಡುವೆ ಒಂದು ಸೀಸನ್ ಮಾತ್ರ ಹೊರಗೆ ಹೋಗಿತ್ತು. ಫಿಲಡೆಲ್ಫಿಯಾದಲ್ಲಿ ಸೀರೀ ಎ, ಅಂದರೆ ಇಟಲಿಯ ಮೊದಲ ದರ್ಜೆ ಲೀಗ್‌ನ ಕೊನೆಯ ಪಂದ್ಯ ನಡೆದದ್ದು 1963ರಲ್ಲಿ. ಕೆಡವಿದ್ದು 1997-98ರಲ್ಲಿ. ಅಪಘಾತಕ್ಕೂ ಕೆಡವಿದ್ದಕ್ಕೂ ನಡುವೆ ಸುಮಾರು ಅರ್ಧ ಶತಮಾನ ಇದೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಶುರುವಿನಿಂದ ಹೇಳುತ್ತೇನೆ. ಕ್ಲಬ್ ಹುಟ್ಟಿದ್ದು 1906ರ ಡಿಸೆಂಬರ್ 3ರಂದು, ಟುರಿನ್‌ನ ಒಂದು ಬಿಯರ್ ಅಂಗಡಿಯಲ್ಲಿ. ಆಲ್ಫ್ರೆಡ್ ಡಿಕ್ ಅಂತ ಒಬ್ಬ ಸ್ವಿಸ್ ಉದ್ಯಮಿ ಇದ್ದ. ಮೊದಲು ಯುವೆಂಟಸ್‌ಗೇ ಅಧ್ಯಕ್ಷನಾಗಿದ್ದವನು. ಅಲ್ಲಿ ಜಗಳ ಆಗಿ ಕೆಲವರನ್ನು ಕರೆದುಕೊಂಡು ಹೊರಬಂದ. ಊರಿನ ಇನ್ನೊಂದು ಹಳೆಯ ಕ್ಲಬ್ ಎಫ್‌ಸಿ ಟೊರಿನೆಸೆ ಜೊತೆ ಸೇರಿಕೊಂಡು ಟೊರಿನೊ ಕಟ್ಟಿದ. ಮರುತಿಂಗಳೇ, 1907ರ ಜನವರಿಯಲ್ಲಿ, ಯುವೆಂಟಸ್ ವಿರುದ್ಧ ಮೊದಲ ಡರ್ಬಿ, ಅಂದರೆ ಒಂದೇ ಊರಿನ ಎರಡು ತಂಡಗಳ ಪಂದ್ಯ. ಟೊರಿನೊ 2-1ರಿಂದ ಗೆದ್ದಿತು. ಆ ಎರಡು ಮನೆಗಳ ಜಗಳ ಅವತ್ತಿನಿಂದ ಇವತ್ತಿನವರೆಗೂ ನಡೆದೇ ಇದೆ.

ಮೈದಾನ ಕಟ್ಟಿಸಿದ್ದು ಅಧ್ಯಕ್ಷ ಎನ್ರಿಕೊ ಮರೋನೆ ಚಿನ್ಜಾನೊ. ಚಿನ್ಜಾನೊ ವರ್ಮುತ್ ಮದ್ಯ ಗೊತ್ತಲ್ವಾ, ಅದೇ ಮನೆತನ. ಫಿಲಡೆಲ್ಫಿಯಾ ಅನ್ನುವ ರಸ್ತೆಯಲ್ಲಿ ಕಟ್ಟಿದ್ದರಿಂದ ಆ ಹೆಸರು ಬಂತು. 1926ರ ಅಕ್ಟೋಬರ್ 17ಕ್ಕೆ ಉದ್ಘಾಟನೆ. ರೋಮ್‌ನ ಫೋರ್ಟಿಟೂಡೊ ತಂಡವನ್ನು 4-0ಯಿಂದ ಸೋಲಿಸಿದರು. ಆಗ ಸುಮಾರು 15,000 ಜನ ಹಿಡಿಸುತ್ತಿತ್ತು, ಆಮೇಲೆ ದೊಡ್ಡದು ಮಾಡಿದರು. ಗ್ಯಾಲರಿಗೂ ಗೆರೆಗೂ ನಡುವೆ ಓಟದ ಟ್ರ್ಯಾಕ್ ಇಲ್ಲ. ಥ್ರೋ ಹಾಕಲು ಬಂದ ಆಟಗಾರನನ್ನು ಮುಂದಿನ ಸಾಲಿನವರು ಮಾತಾಡಿಸಬಹುದಿತ್ತು. ಆ ಮೈದಾನದ ಬಲ ಇದ್ದದ್ದೇ ಅಲ್ಲಿ.

ತುಂಗಾತೀರ:
ಒಂದು ಸೇರಿಸುತ್ತೇನೆ. ಆ ಮೈದಾನ ಸಿಕ್ಕ ಮೊದಲ ಸೀಸನ್‌ನಲ್ಲೇ, ಅಂದರೆ 1926-27ರಲ್ಲಿ, ಟೊರಿನೊ ಲೀಗ್ ಗೆದ್ದಿತ್ತು. ಆಮೇಲೆ ಪಟ್ಟ ಕಿತ್ತುಕೊಂಡರು. ಡರ್ಬಿಯಲ್ಲಿ ಯುವೆಂಟಸ್‌ನ ಡಿಫೆಂಡರ್ ಅಲ್ಲೆಮಾಂಡಿಗೆ ದುಡ್ಡು ಕೊಟ್ಟರು ಅನ್ನುವ ಆರೋಪ. ಆ ವರ್ಷದ ಪಟ್ಟ ಬೇರೆ ಯಾರಿಗೂ ಕೊಡಲಿಲ್ಲ. ಮರುವರ್ಷ 1928ರಲ್ಲಿ ಮತ್ತೆ ಗೆದ್ದರು. ಬಲೊನ್ಚೇರಿ, ಲಿಬೊನಾಟಿ, ರೊಸ್ಸೆಟಿ, ಈ ಮೂವರ ಫಾರ್ವರ್ಡ್ ಸಾಲು ಆಗ ಇಟಲಿಯಲ್ಲೇ ಹೆಸರುವಾಸಿ. ಆದ್ದರಿಂದ ಟೊರಿನೊ ಅಂದರೆ ಬರೀ ಸೂಪರ್ಗಾ ಗುಡ್ಡದ ಆ ವಿಮಾನ ದುರಂತ ಅನ್ನಬೇಡಿ.

ಕಪ್ಪುಬಿಳುಪು:
ನಾನು ಯುವೆಂಟಸ್ ಅಭಿಮಾನಿ. ಆದರೂ ಒಪ್ಪುತ್ತೇನೆ, 1940ರ ಆ ತಂಡಕ್ಕೆ ಸಾಟಿ ಇರಲಿಲ್ಲ. ಆದರೆ "ಐದು ಸತತ ಪಟ್ಟ" ಅನ್ನುವಾಗ ಒಂದು ಗಮನಿಸಿ. 1943ರಲ್ಲಿ ಗೆದ್ದರು, ಆಮೇಲೆ 1946ರಿಂದ 1949ರವರೆಗೆ. ನಡುವೆ ಯುದ್ಧ. 1944ರಲ್ಲಿ ಯುದ್ಧಕಾಲದ ಒಂದು ಚಾಂಪಿಯನ್‌ಶಿಪ್ ನಡೆಯಿತು. ಅದರಲ್ಲಿ ಟೊರಿನೊವನ್ನು ಸೋಲಿಸಿದ್ದು ಯಾರು ಗೊತ್ತಾ? ಲಾ ಸ್ಪೆಜಿಯಾ ಊರಿನ ಅಗ್ನಿಶಾಮಕ ದಳದ ತಂಡ!

ಹಳೇ ಸ್ಕೋರರ್:
@ಕಪ್ಪುಬಿಳುಪು ಅದು ನಿಜ. ಆಗ ಟೊರಿನೊ ಆಟಗಾರರು ಫಿಯಟ್ ಕಾರ್ಖಾನೆಯ ಹೆಸರಿನಲ್ಲಿ ಆಡುತ್ತಿದ್ದರು. ಸ್ಪೆಜಿಯಾದ ಆ ಗೆಲುವು ಕೂಡ ದೊಡ್ಡ ಸಾಧನೆಯೇ, ಅದನ್ನು ಕಡಿಮೆ ಮಾಡುವುದಿಲ್ಲ. ಆದರೆ ಯುದ್ಧ ಮುಗಿದ ಮೇಲಿನ ಲೆಕ್ಕ ನೋಡಿ. 1947-48ರಲ್ಲಿ 40 ಪಂದ್ಯಕ್ಕೆ 125 ಗೋಲು. ಮನೆಯಂಗಳದ 20 ಪಂದ್ಯಗಳಲ್ಲಿ 19 ಗೆಲುವು, ಒಂದು ಡ್ರಾ. ಅಲೆಸ್ಸಾಂಡ್ರಿಯಾ ತಂಡವನ್ನು 10-0ಯಿಂದ ಹೊಡೆದರು. 1947ರ ಮೇ 11ರಂದು ಹಂಗೇರಿ ವಿರುದ್ಧ ಇಟಲಿ ಆಡಿದಾಗ ಹನ್ನೊಂದರಲ್ಲಿ ಹತ್ತು ಜನ ಟೊರಿನೊದವರು. ಗೋಲ್‌ಕೀಪರ್ ಒಬ್ಬ ಮಾತ್ರ ನಿಮ್ಮ ಯುವೆಂಟಸ್‌ನವನು.

ಪುಟ್ಟಕ್ಕ:
ತುತ್ತೂರಿ ಊದುವವರ ಕಥೆ ಯಾರೂ ಹೇಳಲಿಲ್ಲ! ನನಗೆ ಇಡೀ ಇತಿಹಾಸದಲ್ಲಿ ತುಂಬ ಇಷ್ಟ ಆಗುವುದು ಅದೇ. ಒರೆಸ್ಟೆ ಬೊಲ್ಮಿಡಾ ಅಂತ ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದವರು. ಫಿಲಡೆಲ್ಫಿಯಾದ ಗ್ಯಾಲರಿಯಲ್ಲಿ ತುತ್ತೂರಿ ಹಿಡಿದು ಕೂರುತ್ತಿದ್ದರು. ತಂಡ ಸುಮ್ನೆ ಚೆಂಡು ತಳ್ಳಾಡುತ್ತಾ ಇದ್ದರೆ ಅವರು ಊದುತ್ತಿದ್ದರು. ಕೇಳಿದ ಕೂಡಲೇ ಕ್ಯಾಪ್ಟನ್ ವಲೆಂಟೀನೊ ಮಜ್ಜೋಲಾ ಅಂಗಿಯ ತೋಳು ಮಡಚುತ್ತಿದ್ದ. ಅಷ್ಟೇ. ಅಲ್ಲಿಂದ ಕಾಲು ಗಂಟೆ ಎದುರಾಳಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಅದಕ್ಕೆ "ಟೊರಿನೊದ ಕಾಲು ಗಂಟೆ" ಅಂತಲೇ ಹೆಸರು ಬಿತ್ತು. ಲಾಜಿಯೊ ವಿರುದ್ಧ 1948ರಲ್ಲಿ 0-3 ಹಿಂದಿದ್ದವರು 4-3ರಿಂದ ಗೆದ್ದದ್ದು ಆ ಮೈದಾನದಲ್ಲೇ.

ಆಸ್ಟಿನ್ ಟೌನ್ ರಾಜ:
ತೋಳು ಮಡಚುವುದು! ಮೈ ಜುಮ್ಮೆಂದಿತು ಅಕ್ಕ. ಗೆರೆಯ ಪಕ್ಕದಲ್ಲೇ ಜನ ಇದ್ದರೆ ಮಾತ್ರ ಅದು ಕಾಣುತ್ತದೆ, ಕೇಳುತ್ತದೆ. ನಮ್ಮ ಕಂಠೀರವದಲ್ಲಿ ಯಾರಾದರೂ ತೋಳು ಮಡಚಿದರೆ ಟ್ರ್ಯಾಕ್ ಆಚೆ ಕೂತವರಿಗೆ ಗೊತ್ತೂ ಆಗುವುದಿಲ್ಲ.

ಮಂಗ್ಳೂರ್ ವಿಂಗರ್:
ಸರಿ, ಇತಿಹಾಸ ಚೆನ್ನಾಗಿದೆ. ಆದರೆ ನನ್ನ ಮಾತು ನಿಂತಲ್ಲೇ ನಿಂತಿದೆ. ಆ ತಂಡ ಬದುಕಿದ್ದಿದ್ದರೆ ಫಿಲಡೆಲ್ಫಿಯಾ ಇವತ್ತು 60,000 ಜನ ಹಿಡಿಸುವ ಸ್ಟೇಡಿಯಂ ಆಗಿರುತ್ತಿತ್ತು. ಯುರೋಪಿಯನ್ ಕಪ್ ಶುರುವಾದದ್ದು 1955ರಲ್ಲಿ. ಶುರುವಿನಲ್ಲಿ ಆ ಕಪ್ ಗೆಲ್ಲುತ್ತಿದ್ದ ರಿಯಲ್ ಮ್ಯಾಡ್ರಿಡ್ ಜಾಗದಲ್ಲಿ ಟೊರಿನೊ ಇರುತ್ತಿತ್ತು.

ತುಂಗಾತೀರ:
@ಮಂಗ್ಳೂರ್ ವಿಂಗರ್ 1955ಕ್ಕೆ ಮಜ್ಜೋಲಾಗೆ 36 ವರ್ಷ ಆಗಿರುತ್ತಿತ್ತು. ಅದೇ ತಂಡದ ಗಬೆಟ್ಟೊಗೆ ಹತ್ತಿರ ಹತ್ತಿರ 40. ಅದೇ ತಂಡ ಆಡುತ್ತಿರಲಿಲ್ಲ. 1950ರ ವಿಶ್ವಕಪ್ ಬಗ್ಗೆ ಬೇಕಾದರೆ ಹೇಳಿ, ಅದು ನ್ಯಾಯವಾದ ಮಾತು. ಬೆನ್ನೆಲುಬೇ ಇಲ್ಲದ ಇಟಲಿ ಬ್ರೆಜಿಲ್‌ಗೆ ಹೋಯಿತು. ವಿಮಾನದ ಭಯಕ್ಕೆ ಹಡಗಿನಲ್ಲಿ ಹೋದರು. ಮೊದಲ ಸುತ್ತಿನಲ್ಲೇ ವಾಪಸ್ ಬಂದರು.

ಕೆಂಪಂಗಿ:
ಅಪಘಾತ ಹೇಗಾಯಿತು ಅಂತ ಯಾರಾದರೂ ಸರಿಯಾಗಿ ಹೇಳುತ್ತೀರಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪೂರ್ತಿ ತಂಡ ಹೋಯಿತಾ?

ಹಳೇ ಸ್ಕೋರರ್:
ಪೂರ್ತಿ ಅಲ್ಲ. ಡಿಫೆಂಡರ್ ಸೌರೊ ತೋಮಾಗೆ ಮೊಣಕಾಲು ಪೆಟ್ಟಾಗಿತ್ತು, ಹೋಗಿರಲಿಲ್ಲ. ಅಧ್ಯಕ್ಷ ಫೆರುಚ್ಚೊ ನೋವೊಗೆ ಹುಷಾರಿರಲಿಲ್ಲ, ಅವರೂ ಉಳಿದರು. ಎರಡನೇ ಗೋಲ್‌ಕೀಪರ್ ಜಾಗಕ್ಕೆ ಡೀನೊ ಬಲ್ಲಾರಿನ್ ಹೋದ. ಅವನ ಅಣ್ಣ ಆಲ್ಡೊ ಬಲ್ಲಾರಿನ್ ಮೊದಲೇ ತಂಡದಲ್ಲಿದ್ದ. ಅಣ್ಣತಮ್ಮ ಇಬ್ಬರೂ ಸತ್ತರು.

ಬೆನ್ಫಿಕಾ ಕ್ಯಾಪ್ಟನ್ ಫ್ರಾನ್ಸಿಸ್ಕೊ ಫೆರೇರಾ ಗೌರವಕ್ಕೆ ಲಿಸ್ಬನ್‌ನಲ್ಲಿ ಒಂದು ಸ್ನೇಹದ ಪಂದ್ಯ ಇತ್ತು. 1949ರ ಮೇ 3. ಟೊರಿನೊ 3-4ರಿಂದ ಸೋತಿತು. ಮರುದಿನ ಮೂರು ಎಂಜಿನ್‌ನ ಫಿಯಟ್ ಜಿ.212 ವಿಮಾನದಲ್ಲಿ ಹೊರಟು ಬಾರ್ಸಿಲೋನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡರು. ಟುರಿನ್ ತಲುಪುವಾಗ ದಟ್ಟ ಮೋಡ, ಮಳೆ, ಗಾಳಿ. ಊರಿನ ಅಂಚಿನಲ್ಲೇ ಸೂಪರ್ಗಾ ಗುಡ್ಡ. ಮೇಲೆ ವಾಸ್ತುಶಿಲ್ಪಿ ಯುವಾರ್ರಾ ಕಟ್ಟಿದ 18ನೇ ಶತಮಾನದ ಚರ್ಚ್ ಇದೆ. ಸಂಜೆ 5 ದಾಟಿ ಸ್ವಲ್ಪ ಹೊತ್ತಿಗೆ ಆ ಚರ್ಚಿನ ಹಿಂಬದಿಯ ತಡೆಗೋಡೆಗೆ ವಿಮಾನ ಬಡಿಯಿತು. 31 ಜನ ಸತ್ತರು. ಅದರಲ್ಲಿ 18 ಆಟಗಾರರು. ಕೋಚ್ ಎಗ್ರಿ ಎರ್ಬ್‌ಸ್ಟೀನ್ ಇದ್ದರು, ಇಂಗ್ಲೆಂಡಿನ ತರಬೇತುದಾರ ಲೆಸ್ಲಿ ಲೀವ್ಸ್‌ಲಿ ಇದ್ದರು. ಮೂವರು ಪತ್ರಕರ್ತರೂ ಇದ್ದರು. ಎತ್ತರ ತೋರಿಸುವ ಮೀಟರ್ ಕೆಟ್ಟು ತಪ್ಪು ತೋರಿಸಿರಬಹುದು ಅನ್ನುವ ವಾದ ಇದೆ.

ದೇಹಗಳನ್ನು ಗುರುತಿಸಿದ್ದು ವಿಟ್ಟೋರಿಯೊ ಪೊಜ್ಜೊ. 1934, 1938ರ ವಿಶ್ವಕಪ್ ಗೆಲ್ಲಿಸಿದ ಕೋಚ್. ಆ ಹುಡುಗರನ್ನು ರಾಷ್ಟ್ರೀಯ ತಂಡದಲ್ಲಿ ಆಡಿಸಿದ್ದವರೇ ಅವರು.

ಪುಟ್ಟಕ್ಕ:
ಎರ್ಬ್‌ಸ್ಟೀನ್ ಬಗ್ಗೆ ಒಂದು ಮಾತು. ಅವರು ಹಂಗೇರಿಯ ಯಹೂದಿ. 1938ರಲ್ಲಿ ಮುಸ್ಸೊಲಿನಿ ಸರ್ಕಾರ ಜನಾಂಗದ ಕಾನೂನು ತಂದಾಗ ಇಟಲಿ ಬಿಡಬೇಕಾಯಿತು. ಯುದ್ಧದಲ್ಲಿ ಬುಡಾಪೆಸ್ಟ್‌ನ ಬಲವಂತದ ದುಡಿಮೆ ಶಿಬಿರ ಸೇರಿದರು. ಅಲ್ಲಿಂದ ತಪ್ಪಿಸಿಕೊಂಡು ಬದುಕಿ, ಟುರಿನ್‌ಗೆ ವಾಪಸ್ ಬಂದು ಆ ತಂಡ ಕಟ್ಟಿದರು. ಅಷ್ಟೆಲ್ಲ ದಾಟಿ ಬಂದವರು ಆ ಗುಡ್ಡದ ಮೇಲೆ ಪ್ರಾಣ ಬಿಟ್ಟರು. ಓದಿದಾಗ ಎರಡು ದಿನ ಮನಸ್ಸಿಗೆ ನೆಮ್ಮದಿ ಇರಲಿಲ್ಲ.

ಸಂಜೆಮಳೆ:
ಆ ಸೀಸನ್ ಏನಾಯಿತು? ಅರ್ಧಕ್ಕೇ ಪಟ್ಟ ಕೊಟ್ಟುಬಿಟ್ಟರಾ?

ತುಂಗಾತೀರ:
ನಾಲ್ಕು ಪಂದ್ಯ ಉಳಿದಿತ್ತು. ಟೊರಿನೊ ತನ್ನ ಯುವ ತಂಡವನ್ನು ಇಳಿಸಿತು. ಎದುರಾಳಿಗಳೂ ಅದೇ ಗೌರವಕ್ಕೆ ತಮ್ಮ ಯುವ ತಂಡಗಳನ್ನೇ ಕಳಿಸಿದರು. ನಾಲ್ಕನ್ನೂ ಹುಡುಗರು ಗೆದ್ದರು. ಅದೇ ತಿಂಗಳು ಅರ್ಜೆಂಟೀನಾದಿಂದ ರಿವರ್ ಪ್ಲೇಟ್ ತಂಡ ಅಷ್ಟು ದೂರದಿಂದ ಬಂದು, ಸತ್ತವರ ಕುಟುಂಬಗಳಿಗಾಗಿ ಟುರಿನ್‌ನಲ್ಲಿ ಒಂದು ಪಂದ್ಯ ಆಡಿತು. ಡಿ ಸ್ಟೆಫಾನೊ ಆ ತಂಡದಲ್ಲಿದ್ದ. 2-2 ಡ್ರಾ. ಇಂದಿಗೂ ಎರಡೂ ಕ್ಲಬ್‌ಗಳ ನಂಟು ಹಾಗೇ ಇದೆ.

ಟುರಿನ್ ಬಾಡಿಗೆದಾರ:
ಪಾಲಿಟೆಕ್ನಿಕ್‌ನಲ್ಲಿ ಓದುತ್ತಾ ಇಲ್ಲೇ ಇದ್ದೇನೆ, ಊರು ಹಾಸನ. ಸೂಪರ್ಗಾಗೆ ಹೋಗಿದ್ದೆ. ಚರ್ಚಿನ ಮುಂದೆ ಪ್ರವಾಸಿಗರ ಗದ್ದಲ, ಆಲ್ಪ್ಸ್ ನೋಡುವವರು, ಫೋಟೋ ತೆಗೆಯುವವರು. ಪಕ್ಕದ ದಾರಿ ಹಿಡಿದು ಹಿಂದಕ್ಕೆ ಹೋದರೆ ಎತ್ತರದ ಕಲ್ಲುಗೋಡೆ. ಅಲ್ಲಿ ಹೆಸರು ಕೆತ್ತಿದ ಫಲಕ. ಸುತ್ತ ಸ್ಕಾರ್ಫ್‌ಗಳು ಕಟ್ಟಿರುತ್ತವೆ. ಟೊರಿನೊದ್ದು ಮಾತ್ರ ಅಲ್ಲ, ಎಲ್ಲೆಲ್ಲಿಯದೋ ಕ್ಲಬ್ಬಿನವು. ಬಿಸಿಲಿಗೆ ಮಳೆಗೆ ಬಣ್ಣ ಹೋದದ್ದರ ಮೇಲೆ ಹೊಸದು ಕಟ್ಟಿದ್ದಾರೆ. ಪ್ರತಿ ಮೇ 4ಕ್ಕೆ ತಂಡ ಅಲ್ಲಿಗೆ ಬರುತ್ತದೆ. ಆ ವರ್ಷದ ಕ್ಯಾಪ್ಟನ್ ಫಲಕದ ಮುಂದೆ ನಿಂತು ಒಂದೊಂದೇ ಹೆಸರು ಜೋರಾಗಿ ಓದುತ್ತಾನೆ. ಗುಡ್ಡದ ತುಂಬ ಜನ ಇದ್ದರೂ ಆಗ ಯಾರೂ ಮಾತಾಡುವುದಿಲ್ಲ.

ಫಿಲಡೆಲ್ಫಿಯಾ ಬಗ್ಗೆಯೂ ಬರೆಯುತ್ತೇನೆ, ಸಂಜೆ ಕ್ಲಾಸ್ ಮುಗಿಯಲಿ.

ಕೆಂಪಂಗಿ:
ಆ ವಿಮಾನದ ಪೈಲಟ್ ಹೆಸರು ಪಿಯರ್‌ಲುಯಿಜಿ ಮೆರೋನಿ. 18 ವರ್ಷ ಆದ ಮೇಲೆ ಟೊರಿನೊದ ಇನ್ನೊಬ್ಬ ದೊಡ್ಡ ಆಟಗಾರ ಸತ್ತ. ಅವನ ಹೆಸರು ಲುಯಿಜಿ ಮೆರೋನಿ. ಆ ಕ್ಲಬ್ಬಿಗೆ ಏನೋ ದೋಷ ಇದೆ ಅಂತ ಇಟಲಿಯವರೇ ನಂಬುತ್ತಾರೆ.

ಆಸ್ಟಿನ್ ಟೌನ್ ರಾಜ:
ದೋಷ ಗೀಷ ಎಲ್ಲ ಬೇಡ ಗುರು. ಆ ಮೆರೋನಿ ಯಾರು ಅದನ್ನು ಹೇಳು.

ಕೆಂಪಂಗಿ:
ಜೀಜಿ ಮೆರೋನಿ. ರೈಟ್ ವಿಂಗರ್, 7 ನಂಬರ್ ಅಂಗಿ. ಉದ್ದ ಕೂದಲು. ಪೇಂಟಿಂಗ್ ಮಾಡುತ್ತಿದ್ದ, ತನ್ನ ಬಟ್ಟೆ ತಾನೇ ಡಿಸೈನ್ ಮಾಡಿ ಹೊಲಿಸುತ್ತಿದ್ದ. ಕೋಳಿಗೆ ಹಗ್ಗ ಕಟ್ಟಿ ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದ ಅಂತ ಹೇಳುತ್ತಾರೆ. 1967ರ ಅಕ್ಟೋಬರ್ 15ರಂದು ಸಾಂಪ್ಡೋರಿಯಾ ವಿರುದ್ಧ ಗೆದ್ದು ಸಂಜೆ ರಸ್ತೆ ದಾಟುವಾಗ ಕಾರು ಹೊಡೆದು ಸತ್ತ. ವಯಸ್ಸು 24. ಕಾರು ಓಡಿಸುತ್ತಿದ್ದವನು 19ರ ಹುಡುಗ ಆಟ್ಟಿಲಿಯೊ ರೊಮೆರೊ. ಅವನು ಮೆರೋನಿಯ ಕಟ್ಟಾ ಅಭಿಮಾನಿ. ಅದೇ ರೊಮೆರೊ 2000ದಲ್ಲಿ ಟೊರಿನೊ ಕ್ಲಬ್ಬಿಗೆ ಅಧ್ಯಕ್ಷ ಆದ. ಕಥೆ ಕಟ್ಟಿದರೂ ಯಾರೂ ನಂಬುವುದಿಲ್ಲ, ಆದರೆ ನಡೆದದ್ದು ಇದೇ.

ಕಪ್ಪುಬಿಳುಪು:
ಮುಂದಿನ ಭಾನುವಾರವೇ ಡರ್ಬಿ ಇತ್ತು. ಟೊರಿನೊ ನಮ್ಮನ್ನು 4-0ಯಿಂದ ಸೋಲಿಸಿತು. ಮೆರೋನಿಯ ಗೆಳೆಯ ಕೊಂಬಿನ್ ಮೂರು ಗೋಲು ಹೊಡೆದ. ನಾಲ್ಕನೆಯದು 7 ನಂಬರ್ ಅಂಗಿ ಹಾಕಿದ್ದ ಕರೆಲ್ಲಿಯದು. ನಮ್ಮ ಕಡೆಯವರಿಗೂ ಆ ಪಂದ್ಯ ಬೇರೆಯೇ.

ಹಳೇ ಸ್ಕೋರರ್:
ಮತ್ತೆ ಮೂಲ ಪ್ರಶ್ನೆಗೆ ಬರೋಣ, ಇಲ್ಲದಿದ್ದರೆ ಸಂಜೆಮಳೆ ಅವರಿಗೆ ಉತ್ತರವೇ ಸಿಗುವುದಿಲ್ಲ.

1950ರ ದಶಕದಲ್ಲಿ ಕ್ಲಬ್ಬಿನ ಹತ್ತಿರ ದುಡ್ಡಿಲ್ಲ. 1958-59ರಲ್ಲಿ ಟಾಲ್ಮೋನೆ ಅನ್ನುವ ಚಾಕೊಲೇಟ್ ಕಂಪನಿಯ ಹೆಸರು ಜೊತೆಗೆ ಸೇರಿಸಿಕೊಂಡು "ಟಾಲ್ಮೋನೆ ಟೊರಿನೊ" ಆದರು. ಅದೇ ವರ್ಷ ಫಿಲಡೆಲ್ಫಿಯಾ ಬಿಟ್ಟು ಊರಿನ ದೊಡ್ಡ ಕೊಮುನಾಲೆ ಸ್ಟೇಡಿಯಂಗೆ ಹೋದರು. ಆ ಸೀಸನ್‌ನಲ್ಲೇ ಕ್ಲಬ್ ತನ್ನ ಇತಿಹಾಸದಲ್ಲಿ ಮೊದಲ ಸಲ ಎರಡನೇ ದರ್ಜೆಗೆ ಇಳಿಯಿತು. ಬೆದರಿ ಹಳೆಯ ಮನೆಗೆ ವಾಪಸ್ ಬಂದರು. ಬಂದ ವರ್ಷವೇ ಮೇಲಕ್ಕೆ ಹತ್ತಿದರು. ಆದರೆ 1963ರಲ್ಲಿ ಮತ್ತೆ ಕೊಮುನಾಲೆಗೆ, ಈ ಸಲ ಕಾಯಂ.

ಫಿಲಡೆಲ್ಫಿಯಾ ಅಭ್ಯಾಸದ ಮೈದಾನ ಆಯಿತು. ಇದನ್ನು ಮರೆಯಬೇಡಿ. 1976ರಲ್ಲಿ ಪಟ್ಟ ಗೆದ್ದ ತಂಡ, ಪುಲೀಚಿ, ಗ್ರಾಜಿಯಾನಿ, ಕೋಚ್ ರಾದೀಚೆ, ಇವರೆಲ್ಲ ದಿನಾ ಬೆವರು ಹರಿಸಿದ್ದು ಅಲ್ಲೇ. ಆದರೆ ರಿಪೇರಿ ಮಾಡಿಸುವವರಿಲ್ಲ. ಒಬ್ಬ ಅಧ್ಯಕ್ಷ ಹೋದ, ಇನ್ನೊಬ್ಬ ಬಂದ. ನಗರಸಭೆ ಒಂದು ಹೇಳಿತು, ಕ್ಲಬ್ ಇನ್ನೊಂದು ಹೇಳಿತು. 1990ರ ದಶಕದಲ್ಲಿ ಕಟ್ಟಡ ಅಪಾಯ ಅಂತ ಬಾಗಿಲು ಹಾಕಿದರು. ಹೊಸದು ಕಟ್ಟುತ್ತೇವೆ ಅಂತ ಮಾತು ಕೊಟ್ಟು ಹಳೆಯದನ್ನು ಕೆಡವಿದರು. ಕೆಡವುವುದು ಆಯಿತು, ಕಟ್ಟುವುದು ಆಗಲಿಲ್ಲ. ನೀವು ನೋಡಿದ ಫೋಟೋ ಆ ಕಾಲದ್ದು. ಸೂಪರ್ಗಾ ಆ ತಂಡವನ್ನು ಕೊಂದಿತು, ಒಪ್ಪುತ್ತೇನೆ. ಮೈದಾನವನ್ನು ಕೊಂದದ್ದು ನೋಡಿಕೊಳ್ಳಬೇಕಾದವರು ನೋಡಿಕೊಳ್ಳದೆ ಬಿಟ್ಟದ್ದು.

ಮಂಗ್ಳೂರ್ ವಿಂಗರ್:
ಇದರಲ್ಲಿ ಅಷ್ಟು ಬೈಯುವಂಥದ್ದೇನಿದೆ? ದೊಡ್ಡ ಕ್ಲಬ್ಬಿಗೆ ದೊಡ್ಡ ಸ್ಟೇಡಿಯಂ ಬೇಕು. ಟಿಕೆಟ್ ದುಡ್ಡೇ ಆಗ ಮುಖ್ಯ ಆದಾಯ. 30,000 ಜನರ ಹಳೆಯ ಮೈದಾನ ಹಿಡಿದುಕೊಂಡು ಕೂರಬೇಕಿತ್ತಾ? ಭಾವನೆಯಿಂದ ಸಂಬಳ ಕೊಡಲು ಆಗುವುದಿಲ್ಲ. ಯುವೆಂಟಸ್ ಕೂಡ ಹಳೆಯದನ್ನು ಕೆಡವಿಯೇ ಹೊಸದು ಕಟ್ಟಿತು.

ತುಂಗಾತೀರ:
ಯುವೆಂಟಸ್ ಕೆಡವಿದ್ದು ಡೆಲ್ಲೆ ಆಲ್ಪಿಯನ್ನು. 1990ರ ವಿಶ್ವಕಪ್‌ಗೆ ಕಟ್ಟಿದ್ದು. ಯಾರಿಗೂ ಬೇಡವಾಗಿದ್ದ ಸ್ಟೇಡಿಯಂ ಅದು, 69,000 ಸೀಟು, ನಡುವೆ ಓಟದ ಟ್ರ್ಯಾಕ್, ಮೇಲಿನ ಸಾಲಿನಿಂದ ಆಟಗಾರರು ಇರುವೆಗಳ ಹಾಗೆ ಕಾಣುತ್ತಿದ್ದರು. ಟೊರಿನೊ ಕೂಡ 1990ರಿಂದ 2006ರವರೆಗೆ ಅಲ್ಲೇ ಆಡಬೇಕಾಯಿತು. ಕೆಡವಿದ ಜಾಗದಲ್ಲೇ ಯುವೆಂಟಸ್ 2011ಕ್ಕೆ ಹೊಸದನ್ನು ತೆರೆಯಿತು. ಕೆಡವಿ ಕಟ್ಟುವುದು ಬೇರೆ. ಕೆಡವಿ 20 ವರ್ಷ ಹಾಗೇ ಬಿಡುವುದು ಬೇರೆ.

ಆಸ್ಟಿನ್ ಟೌನ್ ರಾಜ:
ಟ್ರ್ಯಾಕ್ ವಿಷಯ ಬಂತಲ್ಲ, ಹೇಳಿಯೇ ಬಿಡುತ್ತೇನೆ. ನಮ್ಮ ಬೆಂಗಳೂರು ಫುಟ್‌ಬಾಲ್ ಕ್ಲಬ್ ಬಿಎಫ್‌ಸಿ 2013ರಲ್ಲಿ ಶುರುವಾದಾಗ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡುತ್ತಿತ್ತು. ಚಿಕ್ಕದು, ಹಳೆಯದು, ಆದರೆ ಆಟ ಮೂಗಿನ ಮುಂದೆ. ಮರುವರ್ಷ ಕಂಠೀರವಕ್ಕೆ ಹೋದರು. ಜನ ಜಾಸ್ತಿ ಹಿಡಿಸುತ್ತದೆ, ನಿಜ. ಆದರೆ ಅದು ಮೂಲತಃ ಅಥ್ಲೆಟಿಕ್ಸ್ ಜಾಗ. ಓಟಗಾರರಿಗೂ ಅಭ್ಯಾಸಕ್ಕೆ ತೊಂದರೆ, ನಮಗೂ ಆಟ ದೂರ. ಇಬ್ಬರಿಗೂ ನ್ಯಾಯ ಸಿಗಲಿಲ್ಲ. ಬೆಂಗಳೂರಿಗೆ ಫುಟ್‌ಬಾಲ್‌ಗೇ ಅಂತ ಒಂದು ಒಳ್ಳೆಯ ಸ್ಟೇಡಿಯಂ ಬೇಕೇ ಬೇಕು.

ಪುಟ್ಟಕ್ಕ:
@ಆಸ್ಟಿನ್ ಟೌನ್ ರಾಜ ಸರಿಯಾಗಿ ಹೇಳಿದಿರಿ. ಅಥ್ಲೆಟಿಕ್ಸ್ ಮಕ್ಕಳ ಕಷ್ಟವನ್ನೂ ಹೇಳಿದ್ದು ಖುಷಿ ಆಯಿತು. ಫುಟ್‌ಬಾಲ್ ಅಭಿಮಾನಿಗಳು ಅದನ್ನು ಮರೆತುಬಿಡುತ್ತಾರೆ.

ಕೆಂಪಂಗಿ:
ಆದರೆ ಕೊಮುನಾಲೆಯಲ್ಲೂ ಟೊರಿನೊಗೆ ಒಳ್ಳೆಯ ದಿನಗಳು ಬಂದಿವೆ. 1976ರ ಪಟ್ಟ, ಆ ಸೀಸನ್ ಮನೆಯಂಗಳದಲ್ಲಿ 14 ಗೆಲುವು, ಒಂದೇ ಡ್ರಾ. 1983ರ ಮಾರ್ಚ್ ಡರ್ಬಿ ನೋಡಿ. 0-2 ಹಿಂದಿದ್ದರು. ನಾಲ್ಕು ನಿಮಿಷದೊಳಗೆ ದೊಸ್ಸೇನಾ, ಬೊನೆಸ್ಸೊ, ಟೊರ್ರಿಸಿ ಮೂರು ಗೋಲು. 3-2. ತುತ್ತೂರಿಯೂ ಇರಲಿಲ್ಲ, ಫಿಲಡೆಲ್ಫಿಯಾವೂ ಅಲ್ಲ. ಮೈದಾನ ಬದಲಾದ ಮಾತ್ರಕ್ಕೆ ಆತ್ಮ ಹೋಯಿತು ಅನ್ನುವುದು ಜಾಸ್ತಿ ಆಯಿತು.

ಕಪ್ಪುಬಿಳುಪು:
1983 ನೆನಪಿಸಬೇಡಿ ಸಾರ್.

ಹಳೇ ಸ್ಕೋರರ್:
@ಕೆಂಪಂಗಿ ಒಳ್ಳೆಯ ಮಾತು. ಯುರೋಪಿನ ಕ್ಲಬ್‌ಗಳು ಆಡುವ ಯುಇಎಫ್‌ಎ ಕಪ್‌ನ 1992ರ ಫೈನಲ್ ಕೂಡ ಸೇರಿಸಿ. ಅಯಾಕ್ಸ್ ವಿರುದ್ಧ ಟುರಿನ್‌ನಲ್ಲಿ 2-2, ಆಮ್‌ಸ್ಟರ್‌ಡ್ಯಾಂನಲ್ಲಿ 0-0. ಒಟ್ಟು ಸಮ ಆದಾಗ ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರೇ ಗೆದ್ದಂತೆ, ಆ ಲೆಕ್ಕದಲ್ಲಿ ಕಪ್ ಕೈತಪ್ಪಿತು. ಮೂರು ಸಲ ಚೆಂಡು ಕಂಬಕ್ಕೆ ಬಡಿಯಿತು. ಪೆನಾಲ್ಟಿ ಕೊಡದ ಸಿಟ್ಟಿಗೆ ಕೋಚ್ ಮೊಂಡೋನಿಕೊ ಕುರ್ಚಿಯನ್ನೇ ಎತ್ತಿ ಹಿಡಿದರು. ಆ ಚಿತ್ರ ಈಗಲೂ ಟೊರಿನೊ ಅಭಿಮಾನಿಗಳ ಬ್ಯಾನರ್ ಮೇಲೆ ಇರುತ್ತದೆ.

ಅಲ್ಲಿಂದ ಇಳಿಜಾರು. 2005ರಲ್ಲಿ ಕ್ಲಬ್ ದಿವಾಳಿ. ಉರ್ಬಾನೊ ಕೈರೊ ಕೊಂಡುಕೊಂಡು ಮತ್ತೆ ಎತ್ತಿ ನಿಲ್ಲಿಸಿದರು. ಅವರ ಬಗ್ಗೆಯೂ ಈಗ ಅಭಿಮಾನಿಗಳಿಗೆ ಸಿಟ್ಟಿದೆ, ಅದು ಬೇರೆಯೇ ಚರ್ಚೆ.

ಟುರಿನ್ ಬಾಡಿಗೆದಾರ:
ಬಂದೆ. ಈಗಿನ ಪರಿಸ್ಥಿತಿ ಹೇಳುತ್ತೇನೆ. ಟೊರಿನೊ ಆಡುವುದು ಹಳೆಯ ಕೊಮುನಾಲೆಯಲ್ಲೇ. 1933ರಲ್ಲಿ ಕಟ್ಟಿದಾಗ ಮುಸ್ಸೊಲಿನಿ ಹೆಸರಿತ್ತು. 2006ರ ಚಳಿಗಾಲದ ಒಲಿಂಪಿಕ್ಸ್‌ಗೆ ನವೀಕರಿಸಿದರು, ಉದ್ಘಾಟನೆ ನಡೆದದ್ದು ಅಲ್ಲೇ. 2016ರಿಂದ ಅದರ ಹೆಸರು ಒಲಿಂಪಿಕೊ ಗ್ರಾಂಡೆ ಟೊರಿನೊ. ಸುಮಾರು 28,000 ಜನ ಹಿಡಿಸುತ್ತದೆ.

ಫಿಲಡೆಲ್ಫಿಯಾ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಅದು ಈಗ ಹಾಳುಬಿದ್ದಿಲ್ಲ! 2015ರ ಅಕ್ಟೋಬರ್ 17ಕ್ಕೆ ಅಡಿಗಲ್ಲು ಹಾಕಿ, 2017ರ ಮೇ 25ಕ್ಕೆ ತೆರೆದರು. ನಗರಸಭೆ, ಪ್ರಾಂತ್ಯದ ಸರ್ಕಾರ, ಕ್ಲಬ್ ಮೂವರೂ ದುಡ್ಡು ಹಾಕಿದರು, ಅಭಿಮಾನಿಗಳೂ ಕೈಲಾದಷ್ಟು ಕೊಟ್ಟರು. 4,000 ಸೀಟಿನ ಚಿಕ್ಕ ಗ್ಯಾಲರಿ. ಮೊದಲ ತಂಡ ಅಭ್ಯಾಸ ಮಾಡುತ್ತದೆ, ಯುವ ತಂಡ ಪಂದ್ಯಗಳನ್ನೂ ಆಡಿದೆ. ಹಳೆಯ ಗ್ಯಾಲರಿಯ ಒಂದೆರಡು ತುಂಡುಗಳನ್ನು ಹಾಗೇ ಉಳಿಸಿದ್ದಾರೆ. ಬೂದು ಕಾಂಕ್ರೀಟ್, ಅಂಚು ಉದುರಿದೆ, ಒಳಗಿನ ಕಂಬಿ ಕಾಣುತ್ತದೆ. ಪಕ್ಕದಲ್ಲೇ ನುಣ್ಣಗಿನ ಹೊಸ ಗೋಡೆ.

ಅಲ್ಲಿ ಸುತ್ತಮುತ್ತ ಇರುವ ವಯಸ್ಸಾದವರನ್ನು ಮಾತಾಡಿಸಿದ್ದೇನೆ. ಎರಡು ದಶಕ ಕಳೆ ಬೆಳೆದಿದ್ದಾಗಲೂ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರಂತೆ. ತಾವೇ ಒಳಗೆ ಹೋಗಿ ಕಳೆ ಕಿತ್ತವರೂ ಇದ್ದಾರೆ. ಫಿಲಡೆಲ್ಫಿಯಾ ವಾಪಸ್ ಬಂದದ್ದು ಆ ಜನರ ಹಟದಿಂದ, ಅಧ್ಯಕ್ಷರಿಂದಲ್ಲ ಅಂತ ಖಡಾಖಂಡಿತವಾಗಿ ಹೇಳುತ್ತಾರೆ.

ಸಂಜೆಮಳೆ:
ಇದು ಗೊತ್ತೇ ಇರಲಿಲ್ಲ, ತುಂಬ ಸಮಾಧಾನ ಆಯಿತು. ಒಳಗೆ ಬಿಡುತ್ತಾರಾ? ಮುಂದಿನ ವರ್ಷ ತಮ್ಮನ ಮನೆಗೆ ಮಿಲಾನ್‌ಗೆ ಹೋಗುವವರಿದ್ದೇವೆ.

ಟುರಿನ್ ಬಾಡಿಗೆದಾರ:
ಬಂದರೆ ಖಂಡಿತ ತಿಳಿಸಿ. ಮಿಲಾನ್‌ನಿಂದ ರೈಲಿನಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗಬಹುದು. ಫಿಲಡೆಲ್ಫಿಯಾದ ಅಭ್ಯಾಸ ಜನರಿಗೆ ತೆರೆದಿರುವುದು ಕಡಿಮೆ, ಮೊದಲೇ ವಿಚಾರಿಸಬೇಕು. ಸೂಪರ್ಗಾಗೆ ಹೋಗಲು ಸಾಸ್ಸಿ ಅನ್ನುವ ಜಾಗಕ್ಕೆ ಬನ್ನಿ. ಅಲ್ಲಿಂದ ಹಲ್ಲುಹಳಿಯ ಹಳೆಯ ಟ್ರಾಮ್ ಗುಡ್ಡ ಹತ್ತುತ್ತದೆ. ದುರಸ್ತಿಗೆ ನಿಲ್ಲಿಸಿರುತ್ತಾರೆ ಕೆಲವೊಮ್ಮೆ, ಆಗ ಬಸ್ ಇರುತ್ತದೆ. ಗ್ರುಲಿಯಾಸ್ಕೊದಲ್ಲಿ ಅಭಿಮಾನಿಗಳೇ ನಡೆಸುವ ಮ್ಯೂಸಿಯಂ ಇದೆ. ವಿಮಾನದ ಪ್ರೊಪೆಲ್ಲರ್, ಆಟಗಾರರ ಸೂಟ್‌ಕೇಸ್ ಇಟ್ಟಿದ್ದಾರೆ. ಅದು ವಾರಾಂತ್ಯದಲ್ಲಿ ತೆರೆಯುತ್ತದೆ, ಆದ್ದರಿಂದ ಶನಿವಾರ ಬರುವ ಹಾಗೆ ನೋಡಿಕೊಳ್ಳಿ.

ಮಂಗ್ಳೂರ್ ವಿಂಗರ್:
ಹಾಗಾದರೆ ಕೊನೆಗೂ ಏನು ಹೇಳುತ್ತೀರಿ? 4,000 ಸೀಟಿನಲ್ಲಿ ಸೀರೀ ಎ ಆಡಬೇಕಾ?

ಹಳೇ ಸ್ಕೋರರ್:
ಯಾರೂ ಹಾಗೆ ಹೇಳಲಿಲ್ಲ. ಪಂದ್ಯ ಒಲಿಂಪಿಕೊದಲ್ಲೇ ನಡೆಯಲಿ. ಅಭ್ಯಾಸವನ್ನು ಮಾತ್ರ ಜನರಿಗೆ ಇನ್ನಷ್ಟು ತೆರೆಯಲಿ. ಹಳೆಯ ಕಾಲದಲ್ಲಿ ಶಾಲೆ ಬಿಟ್ಟ ಮಕ್ಕಳು ನೇರ ಫಿಲಡೆಲ್ಫಿಯಾಗೆ ಹೋಗಿ ಆಟಗಾರರನ್ನು ನೋಡುತ್ತಿದ್ದರು. ಈಗ ಅಷ್ಟು ದುಡ್ಡು ಹಾಕಿ ಕಟ್ಟಿ ಗೇಟ್ ಮುಚ್ಚಿದರೆ ಯಾರಿಗೆ ಉಪಯೋಗ? ವಾರಕ್ಕೆ ಒಂದು ದಿನವಾದರೂ ಬಿಡಬೇಕು.

ಮಂಗ್ಳೂರ್ ವಿಂಗರ್:
ಅದಕ್ಕೆ ನನ್ನದೂ ಒಪ್ಪಿಗೆ ಇದೆ. ರಿಯಲ್ ಮ್ಯಾಡ್ರಿಡ್ ವಿಷಯ ಮಾತ್ರ ಬಿಡುವುದಿಲ್ಲ, ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.